ನೆನೆದವರ ಹೆಸರು

ನಮ್ಮೂರಿನಲ್ಲಿ ಬಿಕ್ಕಳಿಕೆ ಬಂದರೆ ಯಾರೂ ನೀರಿನ ಲೋಟಕ್ಕೆ ಕೈ ಚಾಚುವುದಿಲ್ಲ. ಹೆಸರು ಹೇಳುತ್ತೇವೆ. ಊರ ಗಡಿಯಾಚೆ ಯಾರೋ ನಮ್ಮ ಹೆಸರೆತ್ತಿದ್ದಾರೆ ಎಂದು ಅದರ ಅರ್ಥ. ಯಾರೆಂದು ಸರಿಯಾಗಿ ಹೇಳಿದರೆ ಎದೆಯೊಳಗಿನ ಆ ಎಳೆತ ತಟ್ಟನೆ ನಿಲ್ಲುತ್ತದೆ, ತಪ್ಪಿದರೆ ಮುಂದುವರಿಯುತ್ತದೆ. ಅದಕ್ಕೇ ಮದುವೆಯಾಗಿ ಹೊರಗೆ ಹೋಗುವ ನಮ್ಮ ಹೆಣ್ಣುಮಕ್ಕಳು ತಾಯಿಯನ್ನು ಇಂಥ ಹೊತ್ತಿಗೇ ನೆನೆಯುತ್ತೇವೆ ಎಂದು ಮಾತು ಕೊಟ್ಟು ಹೋಗುತ್ತಾರೆ. ಪರೀಕ್ಷೆಯಲ್ಲಿ ಮೊದಲು ಬಂದವರ ಹೆಸರನ್ನು ಪತ್ರಿಕೆಗೆ ಕಳಿಸುವ ಪದ್ಧತಿ ನಮ್ಮ ಶಾಲೆಯಲ್ಲಿಲ್ಲ. ಚುನಾವಣೆಗೆ ನಿಲ್ಲಿ ಎಂದರೆ ಜನ ಕದ ಹಾಕಿಕೊಳ್ಳುತ್ತಾರೆ. ಬೇರೆ ಊರುಗಳಲ್ಲಿ ಹೆಸರು ಬಂದರೆ ಹಾರ ಹಾಕುತ್ತಾರಂತೆ. ನಮ್ಮಲ್ಲಿ ಹೆಸರು ಬಂದವರ ಮನೆಗೆ ಹಣ್ಣು ತೆಗೆದುಕೊಂಡು ಹೋಗಿ ಹೇಗಿದ್ದೀರಿ ಎಂದು ಕೇಳುತ್ತೇವೆ.

ಹಿಟ್ಟಿನ ಗಿರಣಿಯ ತೋಂಟದಪ್ಪನವರು ಒಂಬತ್ತು ದಿನ ಬಿಕ್ಕಳಿಸಿ ತೀರಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಂಧುಗಳ ಹೆಸರು, ಗಿರಾಕಿಗಳ ಹೆಸರು, ಎಂದೋ ಜಗಳವಾಡಿದವರ ಹೆಸರು, ಎಲ್ಲ ಹೇಳಿ ಮುಗಿಸಿದ್ದರು. ತಿಥಿಯ ದಿನ ಒಂದು ಪತ್ರ ಬಂತು. ಇಪ್ಪತ್ತು ವರ್ಷದ ಹಿಂದೆ ರೈಲಿನಲ್ಲಿ ಅವರ ಬುತ್ತಿಯಿಂದ ಎರಡು ರೊಟ್ಟಿ ತಿಂದಿದ್ದ ಒಬ್ಬ ಸೈನಿಕ, ಯಾವುದೋ ಆಸ್ಪತ್ರೆಯಲ್ಲಿ ಮಲಗಿಕೊಂಡು, ಅವರ ಹೆಸರನ್ನೇ ಹೇಳುತ್ತಿದ್ದನಂತೆ. ಒಳ್ಳೆಯ ನೆನಪೂ ಕೊಲ್ಲುತ್ತದೆ ಎಂಬುದು ಅಂದು ಊರಿಗೆ ಮನದಟ್ಟಾಯಿತು.

ನನ್ನ ಹೆಸರು ಚೆಲುವಾಂಬೆ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಟ್ರಂಕ್ ಕಾಲ್ ಜೋಡಿಸಿದವಳು. ಎಕ್ಸ್‌ಚೇಂಜು ಮುಚ್ಚಿದ ಮೇಲೂ ಬಿಕ್ಕಳಿಕೆ ನಿಲ್ಲದವರು ನನ್ನ ಮನೆಗೆ ಬರುತ್ತಿದ್ದರು. ಯಾರಿಗೆ ಎಲ್ಲಿಂದ ಕರೆ ಬರುತ್ತಿತ್ತು, ಯಾರ ಧ್ವನಿ ಯಾರನ್ನು ಕೇಳುತ್ತಿತ್ತು ಎಂಬುದು ನನಗೆ ನೆನಪಿತ್ತು. ಅದರಿಂದ ಕೆಲವರ ಜೀವ ಉಳಿಯಿತು. ಕೆಲವರ ಗುಟ್ಟು ನನ್ನೆದುರು ಬಯಲಾಯಿತು. ಎರಡನ್ನೂ ನಾನು ಯಾರಿಗೂ ಹೇಳಿಲ್ಲ.

ವಿಮಲಾಕ್ಷಿ ನಮ್ಮ ಪಕ್ಕದ ಮನೆಯವಳು. ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ಹೊರಗೆ ಹೋಗಿ ಓದಿ, ಡಾಕ್ಟರಾಗಿ, ಅದರ ಮೇಲೆ ಇನ್ನೂ ಏನೋ ಓದಿ ಊರಿಗೆ ಮರಳಿ, ಸರ್ಕಾರಿ ಆಸ್ಪತ್ರೆಯ ಹಿಂದಿನ ಎರಡು ಕೋಣೆಗಳಲ್ಲಿ ಪ್ರಯೋಗಾಲಯ ಇಟ್ಟುಕೊಂಡಳು. ಅಲ್ಲಿ ಏನು ಮಾಡುತ್ತೀಯೆ ಎಂದು ಒಮ್ಮೆ ಕೇಳಿದ್ದೆ.

"ರಕ್ತದಲ್ಲಿ ನಮ್ಮನ್ನ ಕಾಯೋ ಕಣಗಳಿರ್ತವೆ, ಚೆಲುವಕ್ಕ. ರೋಗ ಬಂದಾಗ ಎದ್ದು ಹೋರಾಡಿ, ಮುಗಿದ ಮೇಲೆ ಮಲಗಬೇಕು. ಕೆಲವು ಮಲಗಲ್ಲ. ನಮ್ಮ ಮೇಲೇ ತಿರುಗಿಬೀಳ್ತವೆ. ಯಾಕೆ ಅಂತ ನೋಡ್ತಿದೀನಿ" ಎಂದಳು.

ನೋಡಿದ್ದನ್ನು ಅವಳು ಬರೆದು ಹೊರಗಿನ ಪತ್ರಿಕೆಗಳಿಗೆ ಕಳಿಸುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಇಪ್ಪತ್ತಮೂರು ಪ್ರಬಂಧ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಆಧಾರವಾಗಿ ಹೆಸರಿಸುವುದಕ್ಕೆ ಉಲ್ಲೇಖ ಎನ್ನುತ್ತಾರಂತೆ. ಹೊರಗಿನವರು ವಿಜ್ಞಾನಿಯ ತೂಕವನ್ನು ಅದರಲ್ಲೇ ಅಳೆಯುತ್ತಾರಂತೆ. ವಿಮಲಾಕ್ಷಿಗೆ ಹನ್ನೆರಡು ವರ್ಷಕ್ಕೆ ಎಲ್ಲ ಸೇರಿ ನಲವತ್ತೋ ನಲವತ್ತೊಂದೋ ಸಿಕ್ಕಿದ್ದವು. ಎಂದರೆ ವರ್ಷಕ್ಕೆ ಮೂರು ನಾಲ್ಕು ಬಿಕ್ಕಳಿಕೆ. ಆಗ ಅವಳು ಕಂಪ್ಯೂಟರಿನಲ್ಲಿ ಹುಡುಕಿ, ಹೆಸರು ಹೇಳಿ, ಮತ್ತೆ ಕೆಲಸಕ್ಕೆ ಕೂರುತ್ತಿದ್ದಳು. ಅವಳ ತಾಯಿ ಬದುಕಿದ್ದಾಗ ದೇವರ ಮುಂದೆ ದೀಪ ಹಚ್ಚಿ, "ಪುಣ್ಯಕ್ಕೆ ನಮ್ ವಿಮಲು ಬರೆದಿದ್ದನ್ನ ಯಾರೂ ಓದಲ್ಲ" ಎನ್ನುತ್ತಿದ್ದರು.

ಇಪ್ಪತ್ತನಾಲ್ಕನೆಯದು ಮಕ್ಕಳ ಜ್ವರದ ಮೇಲಿನದು. ವಾರ ಕಾಡಿ ಬಿಟ್ಟುಹೋಗುವ ಆ ಜ್ವರ ನಮ್ಮೂರಿಗೆ ಹಳೆಯದು. ಬಿಟ್ಟುಹೋದ ಮೇಲೆ ಕೆಲವು ಮಕ್ಕಳ ಮೈಯ ಕಾವಲು ಕಣಗಳು ಮಲಗದೆ ಹೃದಯವನ್ನೇ ಕಡಿಯತೊಡಗುತ್ತವೆ. ಚಿಕ್ಕಂದಿನಲ್ಲಿ ಅದರಿಂದ ಉಳಿದುಬಂದ ಮೂವತ್ತೊಂದು ಜನ ಊರಿನಲ್ಲಿದ್ದರು. ಅವರು ವಿಮಲಾಕ್ಷಿಗೆ ರಕ್ತ ಕೊಟ್ಟರು. ಯಾವ ಕಣ ಮಲಗುವುದಿಲ್ಲ ಎಂಬುದನ್ನು ಅವಳು ಕಂಡುಹಿಡಿದಳು. ಅದನ್ನು ಮಲಗಿಸಲು ಒಂದು ಹಳೆಯ ಔಷಧವೇ ಸಾಕು ಎಂದು ತೋರಿಸಿದಳು. ಪ್ರಬಂಧದ ಕೊನೆಗೆ ಒಂದು ಕೋಷ್ಟಕ: ಎಷ್ಟು ತೂಕದ ಮಗುವಿಗೆ ಎಷ್ಟು ಔಷಧ.

ಅದು ಅಚ್ಚಾಗಿ ಎರಡು ತಿಂಗಳಿಗೆ ಆ ಜ್ವರ ಊರ ಗಡಿ ದಾಟಿ ಹೊರಗೆ ಹಬ್ಬಿತು. ಎಲ್ಲೆಲ್ಲೂ ಮಕ್ಕಳು ಮಲಗಿದರು. ಅದರ ಬಗ್ಗೆ ಬರೆದಿದ್ದವರು ಲೋಕದಲ್ಲಿ ಇವಳೊಬ್ಬಳೇ.

ನಾನು ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದೆ. ವಿಮಲಾಕ್ಷಿ ಬೇಲಿಯ ಆಚೆ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು. ಮಾತಿನ ನಡುವೆ ನಡುವೆ ಬಿಕ್ಕಳಿಕೆ.

"ಚೆಲುವಕ್ಕ, ನಿಮಗೆ ಹೊರಗಿನವರ ಹೆಸರು ಹೇಳಕ್ಕೆ ಬರುತ್ತಲ್ಲ. ಸ್ವಲ್ಪ ಬನ್ನಿ. ಬೆಳಗ್ಗೆಯಿಂದ ಹದಿನೇಳು ಆಯ್ತು. ನನ್ನ ನಾಲಿಗೆ ಹೊರಳ್ತಿಲ್ಲ."

ಕೈ ತೊಳೆದು ಅವಳ ಹಿಂದೆ ಪ್ರಯೋಗಾಲಯಕ್ಕೆ ಹೋದೆ. ಜ್ವರದ ಕಾಲವಾದ್ದರಿಂದ ಡಾಕ್ಟರುಗಳು ಅಚ್ಚಿಗೆ ಕಾಯುತ್ತಿರಲಿಲ್ಲ. ಬರೆದದ್ದನ್ನು ಅಂದೇ ಎಲ್ಲರಿಗೂ ಕಾಣುವಂತೆ ಕಂಪ್ಯೂಟರಿನಲ್ಲಿ ಹಾಕಿಬಿಡುತ್ತಿದ್ದರು. ಅವಳ ಹೆಸರಿದ್ದ ಬರಹಗಳು ಒಂದರ ಕೆಳಗೆ ಒಂದು ಪರದೆಯ ಮೇಲೆ ಬರುತ್ತಿದ್ದವು. ನಾನು ಹೆಸರು ಓದಿ ಹೇಳುವುದು, ಅವಳು ನನ್ನ ಹಿಂದೆ ಹೇಳುವುದು. ಒಕಾಫೋರ್. ಲಿಂಡ್‌ಕ್ವಿಸ್ಟ್. ಅವರ ತಾಯಿ ತೊಟ್ಟಿಲಲ್ಲಿ ಕರೆದಂತೆ ಹೇಳಿದರೇ ಬಿಕ್ಕಳಿಕೆ ಮಾತು ಕೇಳುತ್ತಿತ್ತು. ಒಂದು ಅಕ್ಷರ ಆಚೀಚೆ ಆದರೆ ಕೇಳುತ್ತಿರಲಿಲ್ಲ. ಒಂದೊಂದು ಪ್ರಬಂಧಕ್ಕೆ ಎಂಟು ಹತ್ತು ಜನರ ಹೆಸರು. ಮೊದಲನೆಯ ಹೆಸರು ಹೇಳಿದರೆ ನಿಲ್ಲುತ್ತಿರಲಿಲ್ಲ. ಕೊನೆಯ ದೊಡ್ಡ ಪ್ರೊಫೆಸರನ ಹೆಸರಿಗಂತೂ ನಿಲ್ಲುತ್ತಲೇ ಇರಲಿಲ್ಲ. ನಿಲ್ಲುತ್ತಿದ್ದದ್ದು ಯಾವಾಗಲೂ ನಡುವೆ ಎಲ್ಲೋ ಇದ್ದ ಒಬ್ಬರ ಹೆಸರಿಗೆ. ನಿಜವಾಗಿ ಕೂತು ಬರೆದವರು ಅವರೇ ಎಂದು ವಿಮಲಾಕ್ಷಿ ನಕ್ಕಳು. ಅವಳು ನಕ್ಕದ್ದನ್ನು ಆಮೇಲೆ ಬಹಳ ದಿನ ನಾನು ನೋಡಲಿಲ್ಲ.

ತಿಂಗಳೊಳಗೆ ಉಲ್ಲೇಖ ಆರುನೂರು ದಾಟಿತು. ನಾನು ಬೆಳಗ್ಗೆ ಹೋದರೆ ಸಂಜೆಯವರೆಗೆ ಅಲ್ಲೇ. ಅವಳು ಗಂಜಿ ಕುಡಿಯುವುದೂ ಎರಡು ಹೆಸರುಗಳ ನಡುವೆ. ಆಸ್ಪತ್ರೆಗೆ ಬಂದವರು ಹಿಂದಿನ ಕೋಣೆಯಿಂದ ಕೇಳುವ ಸದ್ದಿಗೆ ಬೆದರಿ ಬೇಗ ಬೇಗ ಹೊರಟುಹೋಗುತ್ತಿದ್ದರು. ರಕ್ತ ಕೊಟ್ಟವರಿಗೂ ಭಯ ಹತ್ತಿತು. ಹೂವಾಡಿಗರ ಶೇಷಮ್ಮ ಒಂದು ದಿನ ಬಾಗಿಲಲ್ಲೇ ನಿಂತು ಕೇಳಿದಳು:

"ತಾಯಿ, ಅದರಾಗೆ ನನ್ನ ಹೆಸರೂ ಬರದಿದೀರಾ?"

"ಇಲ್ಲ ಶೇಷಮ್ಮ. ಬರೀ ನಂಬರು. ಯಾರ ಹೆಸರೂ ಇಲ್ಲ."

"ನಾನೆಷ್ಟನೇ ನಂಬರು?" ಎಂದವಳು, ಉತ್ತರ ಬರುವ ಮೊದಲೇ, "ಬ್ಯಾಡ ಬಿಡಿ, ಹೇಳಬ್ಯಾಡಿ" ಎಂದು ಕಿವಿ ಮುಚ್ಚಿಕೊಂಡು ಹೋದಳು.

ಇಷ್ಟಾದರೂ ಹೆಸರು ಹೇಳಿದರೆ ನಿಲ್ಲುತ್ತಿತ್ತಲ್ಲ, ಆ ಧೈರ್ಯವಿತ್ತು. ಆ ಧೈರ್ಯವೂ ಒಂದು ಮಂಗಳವಾರ ಮುಗಿಯಿತು. ಅಂದು ಬೆಳಗ್ಗೆ ಶುರುವಾದ ಬಿಕ್ಕಳಿಕೆ ಯಾವ ಹೆಸರಿಗೂ ನಿಲ್ಲಲಿಲ್ಲ. ಅಂದಿನ ಪಟ್ಟಿಯಲ್ಲಿದ್ದ ಮುನ್ನೂರು ಚಿಲ್ಲರೆ ಹೆಸರುಗಳನ್ನೂ ಓದಿದೆ. ಹಿಂದಿನ ವಾರದ್ದನ್ನು ಓದಿದೆ. ಬುಧವಾರವೂ ಅದೇ, ಗುರುವಾರವೂ ಅದೇ. ಮಿಕ್ಕ ಬಿಕ್ಕಳಿಕೆಗಳು ಬಂದು ಹೋಗುತ್ತಿದ್ದವು. ಇದೊಂದು ಮಾತ್ರ ಒಳಗೆ ಕೂತು ಬಾವಿಯ ಹಗ್ಗದಂತೆ ಅವಳನ್ನು ಜಗ್ಗುತ್ತಿತ್ತು. ನಾಲ್ಕನೆಯ ದಿನ ಅವಳನ್ನು ಪ್ರಯೋಗಾಲಯದ ಒಳಗಿನ ಕೋಣೆಯಲ್ಲೇ ಮಲಗಿಸಿ ಗ್ಲೂಕೋಸ್ ಹಾಕಿದರು. ನೀರು ಒಳಗೆ ನಿಲ್ಲುತ್ತಿರಲಿಲ್ಲ. ಪಕ್ಕೆಲುಬು ಮುಟ್ಟಿದರೆ ನೋವು.

"ತೋಂಟದಪ್ಪನವರು ಒಂಬತ್ತು ದಿನ ತಡ್ಕೊಂಡ್ರು, ಅಲ್ವಾ?" ಎಂದು ಕೇಳಿದಳು. ನಾನು ಪಟ್ಟಿಯ ಮುಂದಿನ ಹೆಸರು ಓದಿದೆ.

ಅಂದು ಮಧ್ಯಾಹ್ನ ಊರ ಸಮಿತಿಯ ಅನಂತಯ್ಯ ಬಂದರು. ವಿಮಲಾಕ್ಷಿಯ ತಂದೆಯ ಸ್ನೇಹಿತರು, ಕೆಟ್ಟ ಮನುಷ್ಯರಲ್ಲ. ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ಅವಳ ಕೈ ಹಿಡಿದುಕೊಂಡರು.

"ಮಗಳೇ, ಆ ಬರಹವನ್ನ ವಾಪಸ್ ತಗೊಂಡುಬಿಡು. ನಾನು ಬರೆದದ್ದು ಸುಳ್ಳು ಅಂತ ಒಂದು ಮಾತು ಹೇಳು. ಯಾರೂ ನಿನ್ನ ಹೆಸರೆತ್ತಲ್ಲ."

"ಸುಳ್ಳಲ್ಲ ಚಿಕ್ಕಪ್ಪ. ಅದರಿಂದ ಮಕ್ಕಳು ಉಳೀತಿದಾರೆ."

"ಹೊರಗಿನ ಮಕ್ಕಳು."

"ಮಕ್ಕಳೇ ಅಲ್ವಾ" ಎಂದಳು. ಆಮೇಲೆ ಬಿಕ್ಕಳಿಕೆಯೇ ಮಾತಾಡಿತು. ಅನಂತಯ್ಯ ಎದ್ದು ಹೋಗುವಾಗ ನನ್ನನ್ನು ಕರೆದು, "ಹೆಸರು ಹುಡುಕು ಚೆಲುವಾ. ಇನ್ನೊಂದು ಹೆಣ ಈ ಥರ ಎತ್ತಕ್ಕೆ ನನ್ನ ಕೈಲಾಗಲ್ಲ" ಎಂದರು.

ಯಾವ ಕರೆ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಮುಗಿಯಿತು ಎಂದು ಬರೆದಿಡುವುದು ಎಕ್ಸ್‌ಚೇಂಜಿನಲ್ಲಿ ಹತ್ತಿದ ರೂಢಿ. ಈ ಬಿಕ್ಕಳಿಕೆಯ ಹೊತ್ತನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಅಂದು ಅದನ್ನು ಮುಂದಿಟ್ಟುಕೊಂಡು ಕೂತಾಗ ಒಂದು ಕಂಡಿತು. ಅದು ದಿನಕ್ಕೆ ಐದು ಸಲ ತಾನಾಗಿಯೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಹತ್ತು ನಿಮಿಷ, ಕಾಲು ಗಂಟೆ. ಯಾವ ಹೊತ್ತಿಗೆ ಎಂದು ಯೋಚಿಸುತ್ತಿರುವಾಗಲೇ ನಮ್ಮ ಮಸೀದಿಯಲ್ಲಿ ಬಾಂಗು ಕೂಗಿದರು. ಅದರ ಬೆನ್ನಿಗೇ ಒಳಗಿನ ಕೋಣೆ ನಿಶ್ಶಬ್ದವಾಯಿತು.

ನೆನೆಯುತ್ತಿರುವವರು ಯಾರೋ ನಮಾಜಿಗೆ ಎದ್ದಿದ್ದಾರೆ. ಪ್ರಾರ್ಥನೆಯ ಹೊತ್ತು ಮಾತ್ರ ಇವಳ ಹೆಸರನ್ನು ಕೆಳಗಿಡುತ್ತಾರೆ, ಮುಗಿದೊಡನೆ ಮತ್ತೆ ಎತ್ತಿಕೊಳ್ಳುತ್ತಾರೆ. ನಮ್ಮ ಬಾಂಗಿನ ಹೊತ್ತಿಗೇ ಅವರ ಬಾಂಗೂ ಆಗುತ್ತದೆ ಎಂದರೆ ದೂರ ದೇಶದವರಲ್ಲ. ಪ್ರಬಂಧ ಬರೆಯುವವರೂ ಇರಲಾರರು. ಬರೆಯುವವರು ಒಂದು ಸಲ ಹೆಸರು ಬರೆದು ಮುಂದಕ್ಕೆ ಹೋಗುತ್ತಾರೆ, ನಾಲ್ಕು ದಿನ ಒಂದೇ ಹೆಸರಿನ ಮೇಲೆ ಕೂರುವುದಿಲ್ಲ. ಹಾಗಾದರೆ ಇದು ಔಷಧ ತೆಗೆದುಕೊಂಡ ಯಾವುದೋ ಮಗುವಿನ ಕಡೆಯವರು.

ಹತ್ತಿರದ ಪಟ್ಟಣಗಳಲ್ಲಿ ಇವಳ ಔಷಧ ಕೊಡುತ್ತಿದ್ದ ಆಸ್ಪತ್ರೆಗಳು ಐದು. ಒಂದೊಂದಕ್ಕೂ ಫೋನು ಮಾಡಿದೆ. ನಾಲ್ಕನೆಯದರಲ್ಲಿ ಮಕ್ಕಳ ವಾರ್ಡಿನ ಎಲ್ಸಿ ಎಂಬ ನರ್ಸ್ ಫೋನೆತ್ತಿದರು. ಏನೆಂದು ಕೇಳಬೇಕೋ ತೋಚದೆ ನೇರವಾಗಿ ಕೇಳಿದೆ: ನಿಮ್ಮಲ್ಲಿ ಯಾರಾದರೂ ಡಾಕ್ಟರ್ ವಿಮಲಾಕ್ಷಿ ಎಂದು ಹೇಳುತ್ತಿರುತ್ತಾರಾ?

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ನೀವು ಯಾರು? ಅವರ ಕಡೆಯವರಾ?" ಎಂದರು ಎಲ್ಸಿ. "ಒಬ್ಬ ತಾಯಿ ಇದಾರೆ. ಎರಡು ವರ್ಷದ ಮಗು ಹೋಗಿ ಐದು ದಿನ ಆಯ್ತು. ಮನೆಗೆ ಹೋಗಿ ಅಂದ್ರೆ ಹೋಗ್ತಿಲ್ಲ. ನಮ್ಮ ಡಾಕ್ಟ್ರು, ಇಗೋ ಇದರಲ್ಲಿ ಬರೆದ ಹಾಗೇ ನಾವು ಕೊಟ್ಟಿದ್ದು ಅಂತ ಅವರ ಕೈಗೆ ಆ ಕಾಗದ ಕೊಟ್ಟುಬಿಟ್ರು. ಅದರ ಮೇಲಿರೋ ಹೆಸರನ್ನ ಓದ್ತಾ ಓದ್ತಾ ಬೆಂಚಿನ ಮೇಲೆ ಕೂತಿದಾರೆ. ಬೈಯಲ್ಲ, ಅಳಲ್ಲ. ಬರೀ ಓದೋದು."

"ಅವರ ಹೆಸರೇನು ಸಿಸ್ಟರ್?"

"ಜೈನಾಬಿ."

ಒಳಗೆ ಹೋಗಿ ವಿಮಲಾಕ್ಷಿಯ ಕಿವಿಯ ಹತ್ತಿರ ಆ ಹೆಸರು ಹೇಳಿದೆ. ಅವಳು ತುಟಿಯಲ್ಲೇ ತಿರುಗಿ ಹೇಳಿದಳು. ಎಳೆತ ನಿಂತಿತು. ನಾಲ್ಕು ದಿನದ ಮೇಲೆ ಅವಳ ಎದೆ ಏಳುವುದು ಇಳಿಯುವುದು ಎಲ್ಲರಂತಾಯಿತು. ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಯಾರು ಚೆಲುವಕ್ಕ? ಯಾವ ಪ್ರಬಂಧ?"

"ಯಾರೋ ಓದೋ ಹುಡುಗಿಯಂತೆ. ನಿನ್ನ ಬರಹ ಇಟ್ಕೊಂಡು ಪರೀಕ್ಷೆಗೆ ಓದ್ತಿದಾಳೆ" ಎಂದೆ.

ಅವಳು ನಂಬಿ ಮಲಗಿದಳು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಜೀವಕ್ಕೆ ಬಂದವಳಿಗೆ ಇಂಥದನ್ನು ಹೇಗೆ ಹೇಳುವುದು, ಒಂದು ದಿನ ಸುಧಾರಿಸಿಕೊಳ್ಳಲಿ ಎಂದುಕೊಂಡೆ. ಜ್ವರದಿಂದ ಸಾಯುವ ಮಕ್ಕಳೂ ಇರುತ್ತಾರೆ, ಔಷಧದ್ದೇ ತಪ್ಪು ಎಂದು ಯಾಕೆ ತಿಳಿಯಬೇಕು ಎಂದೂ ಅಂದುಕೊಂಡೆ. ಹೀಗೆ ಒಂದು ದಿನ ಕಳೆದೆ. ಮಾರನೆಯ ದಿನ ಜೈನಾಬಿ ಮತ್ತೆ ಶುರು ಮಾಡಿದರು. ವಿಮಲಾಕ್ಷಿ ಹೆಸರು ಹೇಳುತ್ತಿದ್ದಳು, ನಿಲ್ಲುತ್ತಿತ್ತು. ಐದು ನಿಮಿಷಕ್ಕೆ ಮತ್ತೆ ಎಳೆತ, ಮತ್ತೆ ಹೆಸರು. ಅವಳ ತಲೆ ತಿಳಿಯಾಗಿತ್ತು. ನನ್ನ ಮುಖವನ್ನೇ ನೋಡುತ್ತಿದ್ದಳು.

"ಪರೀಕ್ಷೆಗೆ ಓದೋರು ಹೀಗೆ ನೆನೆಯಲ್ಲ, ಚೆಲುವಕ್ಕ."

ಆಗ ಹೇಳಿದೆ. ಎಲ್ಸಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ.

ಅವಳು ಕೈಗೆ ಚುಚ್ಚಿದ್ದ ಸೂಜಿಯನ್ನು ಕಿತ್ತು ಎದ್ದಳು. ಗೋಡೆ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋಗಿ ತನ್ನ ಪ್ರಯೋಗದ ನೋಟ್‌ಬುಕ್ ತೆಗೆದು, ಅಚ್ಚಾದ ಪ್ರಬಂಧವನ್ನು ಅದರ ಪಕ್ಕದಲ್ಲಿಟ್ಟು ಕೋಷ್ಟಕದ ಮೇಲೆ ಬೆರಳು ಓಡಿಸಿದಳು. ಹತ್ತು ಕಿಲೋಗಿಂತ ಕಡಿಮೆ ತೂಕದ ಮಕ್ಕಳ ಸಾಲಿನಲ್ಲಿ ಬೆರಳು ನಿಂತಿತು. ನೋಟ್‌ಬುಕ್ಕಿನಲ್ಲಿ ಸೊನ್ನೆ, ಚುಕ್ಕಿ, ನಾಲ್ಕು ಎಂದಿತ್ತು. ಅಚ್ಚಿನಲ್ಲಿ ಬರೀ ನಾಲ್ಕು.

"ಅಚ್ಚಿಗೆ ಹೋಗೋ ಮುಂಚೆ ತಿದ್ದಕ್ಕೆ ಎರಡು ದಿನ ಕೊಟ್ಟಿದ್ರು" ಎಂದಳು. "ಜ್ವರ ಬರೋ ಕಾಲ, ಬೇಗ ಹೋಗಲಿ ಅಂತ ಒಂದು ಗಂಟೇಲಿ ಸಹಿ ಹಾಕಿ ಕಳಿಸಿದೆ. ಬರಹ ಎಲ್ಲ ಓದಿದೆ. ಕೋಷ್ಟಕ ನೋಡಲಿಲ್ಲ."

ಅವಳ ಧ್ವನಿ ಒಣಗಿಹೋಗಿತ್ತು. ಹತ್ತು ಕಿಲೋ ಎಂದರೆ ಎಷ್ಟು ದೊಡ್ಡ ಮಗು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಸೊಂಟದ ಮೇಲೆ ಕೂರುವ ಮಗು. ನಾನು ಸುಮ್ಮನಿದ್ದ ಆ ಒಂದು ದಿನದಲ್ಲಿ ಎರಡು ಕಡೆ ಅಷ್ಟು ತೂಕದ ಮಕ್ಕಳಿಗೆ ಆ ಔಷಧ ಹೋಗಿತ್ತು ಎಂಬುದು ಆಮೇಲೆ ತಿಳಿಯಿತು. ಒಂದು ಉಳಿಯಿತು.

ವಿಮಲಾಕ್ಷಿ ಎಲ್ಸಿಯವರಿಗೆ ಫೋನು ಮಾಡಿಸಿ ಜೈನಾಬಿಯವರನ್ನು ಕರೆಸಿದಳು. ನಾನು ಬೇಡವೆಂದೆ; ಈಗಿರುವ ಸ್ಥಿತಿಯಲ್ಲಿ ಬೇಡವೇ ಬೇಡ ಎಂದೆ. ಅವಳು ಕೇಳಲಿಲ್ಲ. ಇಬ್ಬರ ನಡುವೆ ಹಿಡಿದಿದ್ದ ಫೋನಿನಲ್ಲಿ ಚಪ್ಪಲಿಯ ಸದ್ದು ಹತ್ತಿರವಾಯಿತು, ಉಸಿರಿನ ಸದ್ದು ಬಂತು.

"ಅಮ್ಮ, ನಾನು ವಿಮಲಾಕ್ಷಿ. ನೀವು ಓದ್ತಿರೋ ಕಾಗದ ಬರದೋಳು" ಎಂದಳು. ನಡುವೆ ಬಿಕ್ಕಳಿಕೆ ಬಂತು. ನಾನು ಹೆಸರು ಹೇಳು ಎಂದು ಸನ್ನೆ ಮಾಡಿದೆ. ಅವಳು ತಲೆಯಾಡಿಸಿ, ಅದನ್ನು ನುಂಗಿಕೊಂಡೇ ಮಾತು ಮುಂದುವರಿಸಿದಳು. "ಅದರಲ್ಲಿರೋ ಅಂಕಿ ತಪ್ಪು. ಹತ್ತರಷ್ಟು ಜಾಸ್ತಿ. ನಾನೇ ನೋಡದೆ ಬಿಟ್ಟಿದ್ದು. ನಿಮ್ಮ ಡಾಕ್ಟ್ರದ್ದಲ್ಲ, ಸಿಸ್ಟರ್‌ದಲ್ಲ. ನಂದು."

ಕರೆ ಕಡಿದಿಲ್ಲ ಎಂಬುದು ಮಾತ್ರ ನನ್ನ ಕಿವಿಗೆ ಗೊತ್ತಾಗುತ್ತಿತ್ತು.

"ನೂರಿ ಅಂತ ಅವಳ ಹೆಸರು" ಎಂದರು ಜೈನಾಬಿ. ಆಮೇಲೆ, "ಈ ಕಾಗದ ಇನ್ನೂ ಎಷ್ಟು ಕಡೆ ಹೋಗಿದೆ?" ಎಂದು ಕೇಳಿದರು.

ವಿಮಲಾಕ್ಷಿಗೆ ಅದು ಗೊತ್ತಿತ್ತು. ಲೋಕದ ಬೇರೆ ಯಾವ ವಿಜ್ಞಾನಿಗೂ ಅಷ್ಟು ಖಚಿತವಾಗಿ ಗೊತ್ತಿರಲಾರದು. ಅವಳು ಒಂದೊಂದನ್ನೂ ಎದೆಯಲ್ಲಿ ಎಣಿಸಿದ್ದಳು. "ಆರುನೂರ ಎಪ್ಪತ್ತೆಂಟು" ಎಂದಳು.

"ಹಾಗಾದ್ರೆ ನನ್ನ ಹತ್ರ ಯಾಕೆ ಮಾತಾಡ್ತಾ ಕೂತಿದ್ದೀರಿ?" ಎಂದು ಜೈನಾಬಿ ಫೋನು ಇಟ್ಟರು.

ಅವತ್ತೇ ಅವಳು ತಿದ್ದುಪಡಿ ಬರೆದಳು. ನಾಲ್ಕು ಸಾಲು. ಕೋಷ್ಟಕದಲ್ಲಿ ಇಂಥ ಸಾಲು ತಪ್ಪಾಗಿದೆ, ಸರಿಯಾದದ್ದು ಇದು, ಹೊಣೆ ನನ್ನದು. ಪತ್ರಿಕೆಯವರು ಅದನ್ನು ಮೂರನೆಯ ದಿನ ಪ್ರಕಟಿಸುತ್ತಾರೆಂದು ತಿಳಿದಾಗ ಊರೆಲ್ಲ ಹೆದರಿತು. ಒಂದು ಒಳ್ಳೆಯ ಮಾತು ಬರೆದದ್ದಕ್ಕೇ ಇಷ್ಟು ಜನ ಹೆಸರೆತ್ತಿದರೆ, ಮಗು ಸತ್ತ ತಪ್ಪಿಗೆ ಎಷ್ಟು ಜನ ಎತ್ತಲಾರರು? ಅನಂತಯ್ಯ ತಾವೇ ಬಂದು ವರಾಂಡದಲ್ಲಿ ಕೂತರು. ಶೇಷಮ್ಮ ಬಿಸಿನೀರು ಕಾಯಿಸಿಟ್ಟಳು. ಅನಂತಯ್ಯನವರೂ ಸೇರಿ ಓದು ಬಲ್ಲ ಆರು ಜನರಿಗೆ ಹೆಸರು ಹೇಳುವ ಬಗೆಯನ್ನು ನಾನು ಕಲಿಸಿದ್ದೆ. ವಿಮಲಾಕ್ಷಿ ಹಾಸಿಗೆಯ ಮೇಲೆ ಗೋಡೆಗೊರಗಿ, ಎರಡೂ ಕೈಯಿಂದ ಮಂಚದ ಪಟ್ಟಿ ಹಿಡಿದು ಕೂತಿದ್ದಳು. ಬೆಳಗ್ಗೆ ಹತ್ತಕ್ಕೆ ತಿದ್ದುಪಡಿ ಪರದೆಯ ಮೇಲೆ ಕಂಡಿತು.

ಹನ್ನೊಂದಾಯಿತು. ಹನ್ನೆರಡಾಯಿತು. ಬರುತ್ತಿದ್ದವೆಲ್ಲ ಎಂದಿನ ಬಿಕ್ಕಳಿಕೆಗಳೇ. ಹೆಸರು ಹುಡುಕಿ ನೋಡಿದರೆ ಎಲ್ಲರೂ ಹೆಸರಿಸಿದ್ದು ಹಳೆಯ ಪ್ರಬಂಧವನ್ನು. ತಿದ್ದುಪಡಿಯನ್ನು ಹೆಸರಿಸಿದವರು ಒಬ್ಬರೂ ಇಲ್ಲ. ಸಂಜೆಯಾದರೂ ಇಲ್ಲ. ಮಾರನೆಯ ದಿನವೂ ಇಲ್ಲ. ಅನಂತಯ್ಯ ನಿಟ್ಟುಸಿರು ಬಿಟ್ಟು, "ಗಂಡಾಂತರ ಕಳೀತು" ಎಂದರು.

ವಿಮಲಾಕ್ಷಿ ಅವರ ಕಡೆ ತಿರುಗಿದಳು. ನಾಲ್ಕು ದಿನ ಸಾವಿನ ಬಾಯಲ್ಲಿದ್ದಾಗಲೂ ಅವಳ ಮುಖದಲ್ಲಿ ಅಂಥ ಭಯವನ್ನು ನಾನು ಕಂಡಿರಲಿಲ್ಲ.

"ಕಳೀಲಿಲ್ಲ ಚಿಕ್ಕಪ್ಪ. ಯಾರೂ ಓದಿಲ್ಲ. ಹಳೇದನ್ನೇ ಓದ್ತಿದಾರೆ. ಇವೆಲ್ಲ ಏನು ಅಂದ್ಕೊಂಡ್ರಿ?" ಎಂದು ಎದೆ ಮುಟ್ಟಿ ತೋರಿಸಿದಳು. "ಒಂದೊಂದೂ ಒಂದೊಂದು ಆಸ್ಪತ್ರೆ."

ಆಮೇಲೆ ಮಾಡಬೇಕಾದದ್ದು ಒಂದೇ ಇತ್ತು. ಬಿಕ್ಕಳಿಕೆ ಬಂದೊಡನೆ ಯಾರದೆಂದು ಹುಡುಕುವುದು, ಅವರ ಆಸ್ಪತ್ರೆಯ ನಂಬರು ಹುಡುಕುವುದು, ಫೋನು ಮಾಡಿ ಹೇಳುವುದು. ಹೇಳಲು ಹೆಚ್ಚೇನಿಲ್ಲ, ಒಂದು ಸೊನ್ನೆ, ಒಂದು ಚುಕ್ಕಿ. ಆದರೆ ಆ ಕಡೆಯವರು ಮೊದಲು ಕೇಳುವುದೇ, ನೀವು ಯಾರು ಎಂದು. ಹೆಸರು ಹೇಳದಿದ್ದರೆ ಯಾರೂ ನಂಬುವುದಿಲ್ಲ. ಹೇಳಿದರೆ ಅವರು ನಮ್ಮನ್ನು ನೆನೆಯುತ್ತಾರೆ. ಹೆಸರು ಓದಲು ಕಲಿತಿದ್ದ ಆರು ಜನರಲ್ಲಿ ನಾಲ್ವರು ಮನೆಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮನೆಯಲ್ಲಿ ಎಳೆಯ ಮಕ್ಕಳಿದ್ದವರು. ಉಳಿದವರು ಒಬ್ಬ ನಿವೃತ್ತ ಗುಮಾಸ್ತ ಮತ್ತು, ಯಾರೂ ನಿರೀಕ್ಷಿಸದಿದ್ದ ಹಾಗೆ, ಅನಂತಯ್ಯ. ಜೀವಮಾನದಲ್ಲಿ ಹೊರಗಿನವರಿಗೆ ಒಂದು ಕಾರ್ಡೂ ಬರೆಯದಿದ್ದ ಮನುಷ್ಯ ರಿಸೀವರನ್ನು ಬಿಸಿ ಪಾತ್ರೆಯಂತೆ ಟವೆಲಿನಲ್ಲಿ ಹಿಡಿದುಕೊಂಡು, ತಮ್ಮ ಹೆಸರನ್ನು ಬಿಡಿಬಿಡಿಯಾಗಿ ಹೇಳುವುದನ್ನು ನಾನು ಪಕ್ಕದಲ್ಲೇ ಕೂತು ಕೇಳಿದೆ.

ಎರಡು ತಿಂಗಳು ಹೀಗೆ ನಡೆಯಿತು. ಕೆಲವರು ಬೈದರು. ಕೆಲವರು ನಮಗೆ ಗೊತ್ತಾಗಿದೆ ಎಂದರು, ಗೊತ್ತಾಗಿರಲಿಲ್ಲ. ಹತ್ತೊಂಬತ್ತು ಕಡೆ ನಾವು ಫೋನು ಮಾಡುವ ಹೊತ್ತಿಗೆ ತಡವಾಗಿತ್ತು. ಆ ಊರುಗಳ ಹೆಸರನ್ನು ವಿಮಲಾಕ್ಷಿ ಬರೆದು ಗೋಡೆಗೆ ಅಂಟಿಸಿದಳು. ಅವಳ ಧ್ವನಿ ಮರಳಿ ಬರಲಿಲ್ಲ. ಈಗ ಅವಳು ಮಾತಾಡಿದರೆ ಒಣ ಎಲೆ ತುಳಿದ ಸದ್ದು. ಆದರೆ ಬದುಕಿದ್ದಾಳೆ.

ಆ ಕರೆಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಒಂದು ಸೋಮವಾರ ಮಧ್ಯಾಹ್ನ. ಯಾವುದೋ ದ್ವೀಪದ ಆಸ್ಪತ್ರೆ, ಅಲ್ಲಿನ ಡಾಕ್ಟರು ತಮ್ಮ ವಾರ್ಡಿನ ಚಿಕಿತ್ಸಾ ಕ್ರಮವನ್ನು ಆಗತಾನೇ ಪರದೆಯ ಮೇಲೆ ಹಾಕಿದ್ದರು. ಸಮುದ್ರದ ಗಾಳಿ ಹೊಕ್ಕಂತೆ ಲೈನಿನಲ್ಲಿ ಭೋರೆಂಬ ಸದ್ದು. ಗಂಡಸಿನ ಧ್ವನಿ, ಎಳೆಯ ವಯಸ್ಸು. ನನ್ನ ಎಕ್ಸ್‌ಚೇಂಜಿನ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ: ಹತ್ತು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ನಾಲ್ಕು ಅಲ್ಲ. ಸೊನ್ನೆ, ಚುಕ್ಕಿ, ನಾಲ್ಕು.

ಆತ ಏನೂ ಕೇಳಲಿಲ್ಲ. ಒಂದು ಕ್ಷಣ ತಡೆಯಿರಿ ಎನ್ನಲೂ ಇಲ್ಲ. ರಿಸೀವರು ಮೇಜಿಗೆ ಬಡಿದ ಸದ್ದು, ಆಮೇಲೆ ಉದ್ದದ ಓಣಿಯಲ್ಲಿ ಓಡುವ ಕಾಲುಗಳ ಸದ್ದು. ಅದು ದೂರವಾಗಿ ಅಡಗಿತು. ಎಲ್ಲೋ ಬಾಗಿಲು ತೆರೆದುಕೊಂಡಿತು. ಯಾರೋ ಕೂಗಿದರು, ಭಾಷೆ ತಿಳಿಯಲಿಲ್ಲ.

ವಿಮಲಾಕ್ಷಿ ನನ್ನ ಎದುರು ನಿಂತಿದ್ದಳು. ಅನಂತಯ್ಯ ತಮ್ಮ ಫೋನನ್ನು ಅರ್ಧಕ್ಕೇ ಇಟ್ಟು ನಮ್ಮ ಕಡೆ ನೋಡುತ್ತಿದ್ದರು. ನಾನು ರಿಸೀವರನ್ನು ಅವರಿಗೂ ಕೇಳುವಂತೆ ಸ್ವಲ್ಪ ಹೊರಗೆ ಹಿಡಿದೆ. ಬರೀ ಗಾಳಿಯ ಸದ್ದು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು. ಕಾಲಿನ ಸದ್ದು ಮತ್ತೆ ಕೇಳಿಸಿತು, ಈ ಸಲ ನಡೆದುಕೊಂಡು ಬರುತ್ತಿದ್ದ ಸದ್ದು. ಓಡದೆ ಯಾಕೆ ಬರುತ್ತಿದ್ದಾನೆ ಎಂದುಕೊಂಡು ರಿಸೀವರನ್ನು ಮತ್ತೆ ಕಿವಿಗೆ ಒತ್ತಿಕೊಂಡೆ.

ಆತ ರಿಸೀವರು ಎತ್ತಿಕೊಂಡ. ಉಸಿರು ಹತ್ತುತ್ತಿತ್ತು.

"ಸಿರಿಂಜಿಗೆ ತುಂಬಿಟ್ಟಿದ್ರು" ಎಂದ. "ಇನ್ನೂ ಕೊಟ್ಟಿರಲಿಲ್ಲ."

ನಾನು ವಿಮಲಾಕ್ಷಿಗೆ ತಲೆಯಾಡಿಸಿದೆ. ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು.

"ನೀವು ಯಾರು ಮಾತಾಡಿದ್ದು?" ಎಂದು ಆತ ಕೇಳಿದ. "ನಿಮ್ಮ ಹೆಸರು ಬೇಕು ನನಗೆ. ಈ ಮಗುವಿನ ತಾಯಿಗೆ ಹೇಳಬೇಕು."

ಬೇಡಪ್ಪ ಎನ್ನಬಹುದಿತ್ತು. ಲೈನು ಸರಿಯಿಲ್ಲವೆಂದು ಇಟ್ಟುಬಿಡಬಹುದಿತ್ತು. ಒಬ್ಬ ತಾಯಿ ಎಷ್ಟು ನೆನೆಯಬಲ್ಲಳು ಎಂಬುದನ್ನು ನಾನು ನೋಡಿದ್ದೆ. ಅನಂತಯ್ಯ ದೂರದಿಂದಲೇ ಕೈಯಾಡಿಸಿ ಬೇಡ ಬೇಡ ಎನ್ನುತ್ತಿದ್ದರು.

"ಚೆಲುವಾಂಬೆ" ಎಂದೆ. ಆತನಿಗೆ ಹೇಳಲು ಬರಲಿಲ್ಲ. ಎರಡನೆಯ ಸಲ ಬಿಡಿಸಿ ಹೇಳಿದೆ. ಆತ ಒಂದೊಂದೇ ಅಕ್ಷರ ಬರೆದುಕೊಂಡು, ತಿರುಗಿ ಯಾರಿಗೋ ಅದನ್ನು ಗಟ್ಟಿಯಾಗಿ ಓದಿ ಹೇಳುವುದು ಕೇಳಿಸಿತು. ಒಂದು ಹೆಂಗಸಿನ ಧ್ವನಿ ಅದನ್ನು ತಪ್ಪುತಪ್ಪಾಗಿ ತಿರುಗಿ ಹೇಳಿತು. ರಿಸೀವರು ಇಡುವ ಮೊದಲೇ ನನ್ನ ಎದೆ ಒಳಕ್ಕೆ ಎಳೆಯಿತು.

"ಆ ತಾಯಿಯ ಹೆಸರೇನು ಡಾಕ್ಟ್ರೆ?" ಎಂದು ಕೇಳಿದೆ. ಆತ ಆಗಲೇ ಹೊರಟುಹೋಗಿದ್ದ.